ಸರ್ಕಾರಿ ಆಸ್ಪತ್ರೆಯ ಔಷಧ: ಖರೀದಿ ಬೆಂಗಳೂರಿನಲ್ಲಿ, ಕೊರತೆ ಕಮಲಾಪುರದಲ್ಲಿ

ಕಲಬುರಗಿ: ನೆಹರು ಗಂಜ್‌ನಲ್ಲಿ ತೊಗರಿ ಕೊಳ್ಳುವ ವ್ಯಾಪಾರಿ ಚೀಲದಿಂದ ಒಂದು ಹಿಡಿ ಕಾಳು ತೆಗೆದು ಅಂಗೈಯಲ್ಲಿ ಹರಡಿಕೊಂಡು ನೋಡುತ್ತಾನೆ. ದರದ ಮಾತು ಆಮೇಲೆ. ಸರ್ಕಾರಿ ಆಸ್ಪತ್ರೆಯ ಔಷಧ ವ್ಯಾಪಾರ ಹೀಗಲ್ಲ. ಕಮಲಾಪುರದಲ್ಲಿ ರೋಗಿಯ ಕೈಸೇರುವ ಮಾತ್ರೆಯ ದರ ಮತ್ತು ಪೂರೈಕೆದಾರರು ಬಹುಪಾಲು ನಿರ್ಧಾರವಾಗುವುದು ದೂರದ ಬೆಂಗಳೂರಿನಲ್ಲಿ, ಕರ್ನಾಟಕ ರಾಜ್ಯ ವೈದ್ಯಕೀಯ ಸರಬರಾಜು ನಿಗಮದ ಕಚೇರಿಯಲ್ಲಿ.

ಈ ಪದ್ಧತಿಗೆ ಮಾದರಿ ನೆರೆಯ ತಮಿಳುನಾಡು. ಅಲ್ಲಿ 1994ರಲ್ಲಿ ವೈದ್ಯಕೀಯ ಸೇವಾ ನಿಗಮ ಸ್ಥಾಪನೆಯಾಯಿತು. ಪ್ರತಿ ಆಸ್ಪತ್ರೆಗೂ ಪಾಸ್‌ಬುಕ್ ಕೊಟ್ಟು, ಅದರಲ್ಲಿ ನಮೂದಿಸಿದ ಮೊತ್ತದೊಳಗೆ ಉಗ್ರಾಣದಿಂದ ಬೇಕಾದ ಔಷಧ ಪಡೆಯುವ ವ್ಯವಸ್ಥೆ ಜಾರಿಗೆ ಬಂತು. ಕರ್ನಾಟಕದಲ್ಲಿ 2000ದ ದಶಕದ ಆರಂಭದಲ್ಲಿ ಔಷಧ ಖರೀದಿ ಹಾಗೂ ಉಗ್ರಾಣಕ್ಕಾಗಿ ಪ್ರತ್ಯೇಕ ಸೊಸೈಟಿ ರಚನೆಯಾಯಿತು. ಅದೇ ಮುಂದೆ ನಿಗಮವಾಯಿತು.

ಲೆಕ್ಕಾಚಾರ ಸರಳ. ಒಂದು ಆಸ್ಪತ್ರೆ ಕೊಂಡರೆ ಚಿಲ್ಲರೆ ದರ, ಇಡೀ ರಾಜ್ಯಕ್ಕೆ ಒಟ್ಟಾಗಿ ಕೊಂಡರೆ ಸಗಟು ದರ. ಗಂಜ್‌ನ ಯಾವ ದಲ್ಲಾಳಿಗೂ ಇದನ್ನು ವಿವರಿಸಬೇಕಾಗಿಲ್ಲ. ಆಸ್ಪತ್ರೆಗಳು ವಾರ್ಷಿಕ ಬೇಡಿಕೆ ಸಲ್ಲಿಸುತ್ತವೆ. 1999ರ ಪಾರದರ್ಶಕತೆ ಕಾಯ್ದೆಯನ್ವಯ ಟೆಂಡರ್ ಕರೆಯಲಾಗುತ್ತದೆ. ತಾಂತ್ರಿಕ ಅರ್ಹತೆ ಗಳಿಸಿದವರ ಪೈಕಿ ಕಡಿಮೆ ದರ ನಮೂದಿಸಿದವರಿಗೆ ಆದೇಶ ದೊರೆಯುತ್ತದೆ. ಸರಕು ಜಿಲ್ಲಾ ಉಗ್ರಾಣಗಳಿಗೆ ಬಂದು, ಅಲ್ಲಿಂದ ತಾಲ್ಲೂಕುಗಳಿಗೆ ಹಂಚಿಕೆಯಾಗುತ್ತದೆ.

ತೊಡಕು ಇರುವುದೂ ಇಲ್ಲಿಯೇ. ಯಾವುದೋ ಒಂದು ಔಷಧದ ಟೆಂಡರ್‌ಗೆ ಯಾರೂ ಮುಂದೆ ಬಾರದಿದ್ದರೆ ಒಂದು ಊರಿಗಲ್ಲ, ರಾಜ್ಯಕ್ಕೇ ಕೊರತೆ. ಆಗ ವೈದ್ಯಾಧಿಕಾರಿಗಳು ಆರೋಗ್ಯ ರಕ್ಷಾ ಸಮಿತಿಯ ಹಣದಲ್ಲಿ ಸ್ಥಳೀಯವಾಗಿ ಕೊಳ್ಳುತ್ತಾರೆ, ಅದೂ ಚಿಲ್ಲರೆ ದರಕ್ಕೆ. ಸಮಿತಿಯಲ್ಲಿ ಹಣವಿಲ್ಲದಿದ್ದರೆ ಚೀಟಿ ಹೊರಗಿನ ಮೆಡಿಕಲ್ ಅಂಗಡಿಗೆ ಹೋಗುತ್ತದೆ. ಉಚಿತ ಚಿಕಿತ್ಸೆಯೆಂಬ ಮಾತು ರೋಗಿಯ ಪಾಲಿಗೆ ಅಲ್ಲಿಗೆ ಮುಗಿಯಿತು.

ಎರಡನೆಯ ತೊಡಕು ಇನ್ನೂ ಗಂಭೀರ. ಅಗ್ಗದ ದ್ರಾವಣ ಕಳಪೆಯಾಗಿದ್ದರೆ ಅದು ಎಲ್ಲ ಜಿಲ್ಲೆಗಳನ್ನೂ ತಲುಪಬಲ್ಲದು. 2024ರ ನವೆಂಬರ್‌ನಲ್ಲಿ ಬಳ್ಳಾರಿ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಹೆರಿಗೆಯಾದ ಐವರು ಬಾಣಂತಿಯರು ಮೃತಪಟ್ಟರು. ಅವರಿಗೆ ನೀಡಿದ್ದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಶಂಕೆ ಮೂಡಿತು. ರಾಜ್ಯ ಔಷಧ ನಿಯಂತ್ರಕರು ಅಮಾನತುಗೊಂಡರು, ದ್ರಾವಣದ ಬಳಕೆ ನಿಂತಿತು. ಅದೇ ಕಂಪನಿಯ ಕೆಲವು ಬ್ಯಾಚ್‌ಗಳು ಅದಕ್ಕೂ ಮೊದಲೇ ರಾಜ್ಯದ ಪ್ರಯೋಗಾಲಯದಲ್ಲಿ ಅನುತ್ತೀರ್ಣವಾಗಿದ್ದವು, ಕೇಂದ್ರದ ಪ್ರಯೋಗಾಲಯ ಮಾತ್ರ ಗುಣಮಟ್ಟದ್ದೆಂದು ವರದಿ ನೀಡಿತ್ತು.

ಓದುಗರಿಗೆ ಅಚ್ಚರಿಯೆನಿಸಬಹುದು, ಆದರೆ ಕಾನೂನು ಇರುವುದೇ ಹಾಗೆ. 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆಯ ಪ್ರಕಾರ ರಾಜ್ಯದ ವರದಿಯನ್ನು ತಯಾರಕರು ಪ್ರಶ್ನಿಸಿದಾಗ ಕೇಂದ್ರ ಪ್ರಯೋಗಾಲಯದ ವರದಿಯೇ ಅಂತಿಮ. ಒಂದು ವರದಿ ಬೇಡವೆಂದಿದ್ದ ಬ್ಯಾಚನ್ನು ಇನ್ನೊಂದರ ಆಧಾರದ ಮೇಲೆ ಮತ್ತೆ ಬಳಸಲು ದಾರಿಯಾಗುವುದು ಹೀಗೆ. ಸಂಶಯಕ್ಕೆ ಎಡೆಯಿದ್ದ ಸರಕನ್ನು ಬಾಣಂತಿಯರಿಗೆ ಕೊಡದಿರಲು ಕಾನೂನು ಅಡ್ಡಿಯಾಗಿರಲಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕಾಗುತ್ತದೆ.

ಬ್ಯಾಚ್ ತಡೆಹಿಡಿಯುವ ಆದೇಶ ಹೊರಟ ಮೇಲೂ ಕೆಲಸ ಉಳಿದಿರುತ್ತದೆ. ಉಗ್ರಾಣದಲ್ಲಿರುವ ಪೆಟ್ಟಿಗೆಗಳಿಗೆ ಬೀಗ ಹಾಕಬಹುದು. ವಾರ್ಡಿನ ಕಪಾಟು ಸೇರಿದ ಬಾಟಲಿಗಳನ್ನು ಮಾತ್ರ ಯಾರಾದರೂ ಒಂದೊಂದಾಗಿ ಸಂಖ್ಯೆ ನೋಡಿ ಹೊರತೆಗೆಯಬೇಕು. ಕಮಲಾಪುರದಂಥ ಕಡೆ ಆ ಕೆಲಸ ಬೀಳುವುದು ಫಾರ್ಮಾಸಿಸ್ಟ್ ಹಾಗೂ ದಾದಿಯರ ಮೇಲೆ.