ರಜೆಯಲ್ಲಿ ಮಕ್ಕಳಿಗೆ ಯಾವ ಆಟ? ಬಿ.ಜಿ. ಕೆರೆ ಬಯಲಿನಲ್ಲಿ ಲಗೋರಿ, ಕೆರೆ-ದಡ, ಖೋ ಖೋ

ಚಿತ್ರದುರ್ಗ ಜಿಲ್ಲೆ ಮೊಳಕಾಲ್ಮೂರು ತಾಲ್ಲೂಕಿನ ಬಿ.ಜಿ. ಕೆರೆ, ಚಳ್ಳಕೆರೆ–ಬಳ್ಳಾರಿ ಹೆದ್ದಾರಿಯ ಮೇಲಿರುವ ಊರು. ಸುತ್ತ ಶೇಂಗಾ ಬೆಳೆಯುವ ಕೆಂಪು ಮಣ್ಣಿನ ಹೊಲ, ನಡುನಡುವೆ ಬಂಡೆಗುಡ್ಡ. ಚಳ್ಳಕೆರೆ, ಮೊಳಕಾಲ್ಮೂರು ಎರಡೂ ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳ ಸಾಲಿನಲ್ಲಿವೆ. ಬಯಲು ಬೇಕಾದಷ್ಟಿದೆ, ಅಲ್ಲಿ ಆಡುವ ಮಕ್ಕಳು ಮಾತ್ರ ಕಡಿಮೆಯಾಗುತ್ತಿದ್ದಾರೆ.

ಏಪ್ರಿಲ್ ಎರಡನೇ ವಾರ ಶಾಲೆ ಮುಚ್ಚಿದರೆ ಮೇ ಕೊನೆಯವರೆಗೆ ರಜೆ. ಅಂಗಡಿ ನಡೆಸುವ ಮನೆಗಳಲ್ಲಿ ಮಗುವನ್ನು ಗಲ್ಲಾಪೆಟ್ಟಿಗೆ ಪಕ್ಕ ಕೂರಿಸಿ ಕೈಗೆ ಮೊಬೈಲ್ ಕೊಟ್ಟುಬಿಟ್ಟರೆ ಗಲಾಟೆ ಇಲ್ಲ, ವ್ಯಾಪಾರವೂ ನಡೆಯುತ್ತದೆ. ಆದರೆ ಲೆಕ್ಕ ಅಲ್ಲಿಗೆ ಮುಗಿಯುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ 5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ಬೆವರುವಂತೆ ಆಡಬೇಕು. ವಾರಕ್ಕೆ ಕನಿಷ್ಠ 3 ದಿನ ಎಲುಬು, ಸ್ನಾಯು ಗಟ್ಟಿಯಾಗುವಂಥ ಓಟ, ಜಿಗಿತ ಇರಬೇಕು. ಇದಕ್ಕೆ ದುಡ್ಡು ಕೊಟ್ಟು ಸಾಮಾನು ತರುವ ಅಗತ್ಯವಿಲ್ಲ. ನಮ್ಮ ಹಳ್ಳಿಗಳ ಹಳೆಯ ಆಟಗಳಲ್ಲೇ ಇದೆಲ್ಲ ಇದೆ.

ಮೊದಲು ಲಗೋರಿ. ಚಪ್ಪಟೆಯಾದ ಏಳು ಕಲ್ಲು ಅಥವಾ ಒಡೆದ ಹೆಂಚಿನ ಚೂರು, ದೊಡ್ಡದು ಕೆಳಗೆ ಸಣ್ಣದು ಮೇಲೆ ಬರುವಂತೆ ಜೋಡಿಸಬೇಕು. ಮಕ್ಕಳು ಎರಡು ಗುಂಪಾಗಬೇಕು. ಒಂದು ಗುಂಪಿನವರು ಹದಿನೈದು ಅಡಿ ದೂರದ ಗೆರೆಯಿಂದ ಚೆಂಡು ಎಸೆದು ಕಲ್ಲು ಬೀಳಿಸಬೇಕು. ಒಬ್ಬರಿಗೆ ಮೂರು ಅವಕಾಶ. ಕಲ್ಲು ಬಿದ್ದ ಕೂಡಲೇ ಆ ಗುಂಪಿನವರೆಲ್ಲ ಚದುರಿ ಓಡುತ್ತಾರೆ. ಎದುರಾಳಿಗಳು ಚೆಂಡು ಹಿಡಿದು ಅವರ ಮೈಗೆ ತಾಗಿಸಲು ನೋಡುತ್ತಾರೆ. ಏಟು ತಪ್ಪಿಸಿಕೊಳ್ಳುತ್ತಲೇ ಏಳೂ ಕಲ್ಲನ್ನು ಮತ್ತೆ ಜೋಡಿಸಿ 'ಲಗೋರಿ' ಎಂದು ಕೂಗಿದರೆ ಗೆದ್ದಂತೆ. ಗುರಿ, ಓಟ, ಬಗ್ಗುವುದು, ಜೊತೆಗಾರನಿಗೆ ಸನ್ನೆ ಮಾಡುವುದು ಎಲ್ಲವೂ ಒಂದೇ ಆಟದಲ್ಲಿ ಬರುತ್ತವೆ. ಹಳೆಯ ಬಟ್ಟೆಯನ್ನು ಗಟ್ಟಿಯಾಗಿ ಸುತ್ತಿ ಹುರಿಯಿಂದ ಬಿಗಿದ ಚೆಂಡೇ ಒಳ್ಳೆಯದು. ರಬ್ಬರ್ ಚೆಂಡಿನ ಏಟು ಸಣ್ಣವರಿಗೆ ತಡೆಯುವುದಿಲ್ಲ. ಸೊಂಟದಿಂದ ಕೆಳಗೇ ಹೊಡೆಯಬೇಕು ಎಂದು ಆಟಕ್ಕೆ ಮೊದಲೇ ಒಪ್ಪಿಸಬೇಕು.

ಇನ್ನೊಂದು ಕೆರೆ-ದಡ. ಹೆಸರಲ್ಲೇ ಕೆರೆ ಇರುವ ಊರಿಗೆ ಇದು ಹೇಳಿ ಮಾಡಿಸಿದ ಆಟ (ಮಳೆ ಕೈಕೊಟ್ಟ ವರ್ಷ ಆಟದಲ್ಲಾದರೂ ಕೆರೆ ಇರಲಿ!). ಉದ್ದ ಗೆರೆ ಎಳೆದು ಮಕ್ಕಳನ್ನು ಸಾಲಾಗಿ ನಿಲ್ಲಿಸುವುದು. 'ಕೆರೆ' ಎಂದರೆ ಗೆರೆಯ ಆಚೆ ಜಿಗಿಯಬೇಕು, 'ದಡ' ಎಂದರೆ ಈಚೆ. ಕೂಗುವವರು ದಡ, ಕೆರೆ, ಕೆರೆ ಎಂದು ಬೇಕೆಂದೇ ಅದಲು ಬದಲು ಮಾಡುತ್ತಾರೆ. ತಪ್ಪಿ ಜಿಗಿದವರು ಔಟ್. ಒಂದನೇ ತರಗತಿಯ ಮಗುವೂ ಏಳನೇ ತರಗತಿಯ ಹುಡುಗನೂ ಸರಿಸಮ ನಿಂತು ಆಡಬಹುದಾದ ಆಟ ಇದು.

ಇಲ್ಲಿ ಹಿರಿಯರು ಒಂದು ವಿಷಯ ಗಮನಿಸಬೇಕು. ಔಟ್ ಆದವರನ್ನು ಕೂರಿಸುತ್ತಾ ಹೋದರೆ ಮೊದಲು ಕೂರುವುದು ದಪ್ಪಗಿರುವ, ನಿಧಾನವಾದ, ನಾಚುವ ಮಗುವೇ. ಯಾರಿಗೆ ಓಟ ಹೆಚ್ಚು ಬೇಕೋ ಅವರೇ ಹೆಚ್ಚು ಹೊತ್ತು ಕೂರುತ್ತಾರೆ. ನಾಲ್ಕು ದಿನ ಹೀಗಾದರೆ ಐದನೇ ದಿನ ಆ ಮಗು ಹೊಟ್ಟೆನೋವು ಎಂದು ನೆಪ ಹೇಳಿ ಮನೆಯಲ್ಲೇ ಉಳಿಯುತ್ತದೆ. ಅದಕ್ಕೆ ಔಟ್ ಆದವರು ಹತ್ತು ಸಲ ಕುಪ್ಪಳಿಸಿ ಮತ್ತೆ ಸಾಲಿಗೆ ಸೇರಲಿ ಎಂಬ ನಿಯಮ ಇಟ್ಟರೆ ಎಲ್ಲರೂ ಕೊನೆಯವರೆಗೆ ಆಡುತ್ತಾರೆ. ತಂಡ ಮಾಡುವಾಗಲೂ ಇಬ್ಬರು ನಾಯಕರು ಒಬ್ಬೊಬ್ಬರನ್ನೇ ಆರಿಸಿಕೊಳ್ಳುವ ಪದ್ಧತಿ ಬಿಟ್ಟು ಒಂದು, ಎರಡು ಎಂದು ಎಣಿಸಿ ಭಾಗ ಮಾಡುವುದು ಮೇಲು. ಕೊನೆಗೆ ಉಳಿಯುವ ಮಗುವಿನ ಮುಖ ನೋಡಿದವರಿಗೆ ಇದು ಅರ್ಥವಾಗುತ್ತದೆ.

ಹತ್ತು ವರ್ಷ ದಾಟಿದವರಿಗೆ ಖೋ ಖೋ. ಎಂಟು ಮಂದಿ ಸಾಲಾಗಿ, ಒಬ್ಬರು ಈ ಕಡೆ ಮುಖ, ಮತ್ತೊಬ್ಬರು ಆ ಕಡೆ ಮುಖ ಮಾಡಿ ಕೂರುತ್ತಾರೆ. ಒಂಬತ್ತನೆಯವರು ಎದುರಾಳಿಯನ್ನು ಬೆನ್ನಟ್ಟುತ್ತಾರೆ. ಬೆನ್ನಟ್ಟುವವರು ಕೂತವರ ನಡುವೆ ನುಗ್ಗುವಂತಿಲ್ಲ, ದಿಕ್ಕು ಬದಲಿಸುವಂತಿಲ್ಲ. ಕೂತವರ ಬೆನ್ನಿಗೆ ತಟ್ಟಿ 'ಖೋ' ಎಂದರೆ ಅವರು ಎದ್ದು ಓಡಬೇಕು. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ ಖೋ ವಿಶ್ವಕಪ್‌ನಲ್ಲಿ ಭಾರತದ ಪುರುಷರು, ಮಹಿಳೆಯರು ಇಬ್ಬರೂ ಗೆದ್ದರು. ಗೆದ್ದ ಮಹಿಳಾ ತಂಡದಲ್ಲಿ ಮೈಸೂರು ಜಿಲ್ಲೆ ಟಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಚೈತ್ರಾ ಇದ್ದರು. ಏಳನೇ ತರಗತಿ ದಾಟಿದ ಮೇಲೆ ಹೆಣ್ಣುಮಕ್ಕಳನ್ನು 'ಇನ್ನೇನು ಆಟ' ಎಂದು ಮನೆಯೊಳಗೆ ಕೂರಿಸುವವರಿಗೆ ಈ ಹಳ್ಳಿಯ ಹುಡುಗಿಯ ವಿಷಯ ಹೇಳಬೇಕು.

ಕುಂಟೆಬಿಲ್ಲೆ, ಮರಕೋತಿ, ಹಗ್ಗಜಗ್ಗಾಟ ಎಲ್ಲರಿಗೂ ಗೊತ್ತಿರುವವೇ. ಖಾಲಿ ಶೇಂಗಾ ಚೀಲವಿದ್ದರೆ ಗೋಣಿಚೀಲದ ಓಟ. ಚಿನ್ನಿದಾಂಡು ಒಳ್ಳೆಯ ಆಟವೇ, ಆದರೆ ಚಿನ್ನಿ ಕಣ್ಣಿಗೆ ಬಡಿಯುವ ಅಪಾಯವಿದೆ. ದೊಡ್ಡವರೊಬ್ಬರು ನಿಂತು ನೋಡುವಂತಿದ್ದರೆ ಮಾತ್ರ ಆಡಿಸಬೇಕು.

ಇಲ್ಲಿನ ಬಿಸಿಲಿಗೆ ಬೆಳಿಗ್ಗೆ ಆರೂವರೆಯಿಂದ ಎಂಟೂವರೆ, ಇಲ್ಲವೇ ಸಂಜೆ ಐದರ ಮೇಲೆ ಸರಿಯಾದ ಸಮಯ. ಹಗಲು ಚೌಕಾಬಾರ, ಅಣ್ಣೆಕಲ್ಲು ಸಾಕು. ಏಪ್ರಿಲ್‌ನಲ್ಲಿ ಸೂರ್ಯ ಮುಳುಗುವುದು ಸುಮಾರು ಆರೂವರೆಗೆ. ಸೂರ್ಯಾಸ್ತದೊಳಗೆ ಊಟ ಮುಗಿಸುವ ಮನೆಗಳ ಮಕ್ಕಳನ್ನು ಸಂಜೆಯ ಆಟಕ್ಕೆ ಕರೆಯುವುದು ಕಷ್ಟ, ಅವರಿಗೆ ಬೆಳಗಿನ ಹೊತ್ತೇ ಅನುಕೂಲ. ನಡುವೆ ಕಾಯಿಸಿ ಆರಿಸಿದ ನೀರು, ಮಜ್ಜಿಗೆ, ನಿಂಬೆ ಪಾನಕ ಕೊಡಬೇಕು. ಗೆರೆ ಎಳೆಯುವ ಮುಂಚೆ ನೆಲ ನೋಡಿ ಜಾಲಿ ಮುಳ್ಳು ಆರಿಸಬೇಕು, ಇರುವೆ ಗೂಡು ಕಂಡರೆ ಅಂಕಣವನ್ನೇ ಪಕ್ಕಕ್ಕೆ ಸರಿಸಬೇಕು. ಹೆದ್ದಾರಿ ಬದಿಯಲ್ಲಿ ಎಷ್ಟೇ ಜಾಗವಿದ್ದರೂ ಆಡಿಸಕೂಡದು. ಚೆಂಡಿನ ಹಿಂದೆ ಓಡುವ ಮಗುವಿಗೆ ಲಾರಿ ಕಾಣುವುದಿಲ್ಲ. ಶಾಲೆಯ ಅಂಗಳ ತೆರೆದುಕೊಡುವಂತೆ ಮುಖ್ಯೋಪಾಧ್ಯಾಯರನ್ನು, ಶಾಲಾಭಿವೃದ್ಧಿ ಸಮಿತಿಯವರನ್ನು ರಜೆಗೆ ಮೊದಲೇ ಕೇಳಿಕೊಳ್ಳಬೇಕು.

ವಾರಕ್ಕೊಮ್ಮೆ ಗುಡ್ಡ ಹತ್ತಿಸಬಹುದು. ಅಶೋಕನ ಶಾಸನಗಳಿರುವ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಇದೇ ತಾಲ್ಲೂಕಿನಲ್ಲಿವೆ. 1892ರಲ್ಲಿ ಬಿ.ಎಲ್. ರೈಸ್ ಅವನ್ನು ಬೆಳಕಿಗೆ ತಂದರು. ತಂದೆ ತಾಯಿಯ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆ ಇರಬೇಕು, ಸತ್ಯ ಹೇಳಬೇಕು ಎಂಬ ಅರ್ಥದ ಮಾತು ಆ ಬಂಡೆಯ ಮೇಲಿದೆ. ಬೆಳಿಗ್ಗೆ ಬೇಗ ಹೊರಟು ಬಿಸಿಲೇರುವ ಮುಂಚೆ ಇಳಿದುಬಿಡಬೇಕು. ಹತ್ತು ಮಕ್ಕಳಿಗೆ ಇಬ್ಬರು ಹಿರಿಯರಾದರೂ ಜೊತೆಗಿರಬೇಕು, ಒಬ್ಬರು ಮುಂದೆ, ಒಬ್ಬರು ಕಟ್ಟಕಡೆಯ ಮಗುವಿನ ಹಿಂದೆ.