ಊರು ಮೊದಲೋ, ನಾಡು ಮೊದಲೋ?

ವಿಶ್ವದಲ್ಲಿ ಪುಟ್ಟ ಗೆಲಾಕ್ಸಿಗಳು ಮೊದಲು ಹುಟ್ಟಿ ಆಮೇಲೆ ಗುಂಪುಗೂಡಿದವೋ, ಇಲ್ಲ ದೊಡ್ಡ ಗುಂಪಿನಷ್ಟು ದ್ರವ್ಯ ಮೊದಲು ಕುಸಿದು ಆಮೇಲೆ ಗೆಲಾಕ್ಸಿಗಳಾಗಿ ಒಡೆಯಿತೋ? ಕಣ್ಣಿಗೆ ಕಾಣದ ಕಪ್ಪುದ್ರವ್ಯ ಎಂಥದ್ದೆಂಬುದರ ಸುಳಿವು ಈ ಪ್ರಶ್ನೆಯಲ್ಲೇ ಇದೆ.

ನಕ್ಷತ್ರ, ಅನಿಲ, ಧೂಳು ಎಲ್ಲ ಸೇರಿದ ಸಾಮಾನ್ಯ ದ್ರವ್ಯಕ್ಕಿಂತ ಕಪ್ಪುದ್ರವ್ಯ ಐದು ಪಟ್ಟಿಗೂ ಹೆಚ್ಚಿದೆ. ಮಹಾಸ್ಫೋಟದ ಸುಮಾರು 3,80,000 ವರ್ಷಗಳ ನಂತರದ ಬೆಳಕನ್ನು ಅಳೆದರೆ ತಾಪದ ವ್ಯತ್ಯಾಸ ಲಕ್ಷದಲ್ಲಿ ಒಂದು ಪಾಲಿನಷ್ಟು. ಅಷ್ಟು ನಯವಾಗಿದ್ದ ವಿಶ್ವದಲ್ಲಿ ಗೆಲಾಕ್ಸಿಗಳು ಮೂಡಲು ಕಪ್ಪುದ್ರವ್ಯದ ಸೆಳೆತವೇ ಬೇಕಾಯಿತು.

1980ರಲ್ಲಿ ಮಾಸ್ಕೋದ ಪ್ರಯೋಗವೊಂದು ನ್ಯೂಟ್ರಿನೋ ಎಂಬ ಕಣಗಳಿಗೆ ಸಾಕಷ್ಟು ತೂಕವಿದೆ ಎಂದಾಗ, ಕಪ್ಪುದ್ರವ್ಯ ಅದೇ ಇರಬೇಕೆಂದು ಹಲವರಿಗೆ ಅನಿಸಿತು. ಆದರೆ ನ್ಯೂಟ್ರಿನೋ 'ಬಿಸಿ' ಕಣ. ಆದಿಯಲ್ಲಿ ಬೆಳಕಿನ ವೇಗಕ್ಕೆ ಹತ್ತಿರವಾಗಿ ಓಡುತ್ತಿತ್ತು. ಅಂಗಳದ ರಂಗೋಲಿಗೆ ಗಾಳಿ ಬೀಸಿದರೆ ಮೊದಲು ಅಳಿಸಿಹೋಗುವುದು ಸಣ್ಣ ಎಳೆಗಳು. ಹಾಗೆಯೇ ಈ ಓಟಕ್ಕೆ ಚಿಕ್ಕ ಗಂಟುಗಳೆಲ್ಲ ಚದುರಿ, ದೊಡ್ಡವಷ್ಟೇ ಉಳಿಯುತ್ತವೆ. ಆಗ ನಾಡು ಮೊದಲು, ಊರು ಆಮೇಲೆ.

1983ರಲ್ಲಿ ಖಗೋಳವಿಜ್ಞಾನಿಗಳಾದ ಸೈಮನ್ ವೈಟ್, ಕಾರ್ಲೋಸ್ ಫ್ರೆಂಕ್, ಮಾರ್ಕ್ ಡೇವಿಸ್ ಅಂಥ ವಿಶ್ವವನ್ನು ಕಂಪ್ಯೂಟರಿನಲ್ಲಿ ಬೆಳೆಸಿ ನೋಡಿದರು. ಆಕಾಶದ ನಿಜವಾದ ನಕ್ಷೆಗೆ ಅದು ಹೊಂದಲೇ ಇಲ್ಲ. ಕಣವನ್ನು ಹಿಡಿಯದೆಯೇ, ಗೆಲಾಕ್ಸಿಗಳ ಹಂಚಿಕೆ ನೋಡಿಯೇ ಅದನ್ನು ಕೈಬಿಟ್ಟ ಈ ತರ್ಕ ನನಗೆ ಇಂದಿಗೂ ರೋಮಾಂಚನ ತರುತ್ತದೆ. ಆಕಾಶವೂ ಅದನ್ನೇ ಹೇಳುತ್ತಿತ್ತು: ನಮ್ಮ ಆಕಾಶಗಂಗೆಯಲ್ಲಿ 1,200 ಕೋಟಿ ವರ್ಷಕ್ಕೂ ಹಳೆಯ ನಕ್ಷತ್ರಗಳಿವೆ. ಕನ್ಯಾ ರಾಶಿಯ ದೊಡ್ಡ ಗೆಲಾಕ್ಸಿಗುಚ್ಛಕ್ಕಾದರೋ ಈಗಲೂ ಗೆಲಾಕ್ಸಿಗಳು ಬಂದು ಸೇರುತ್ತಲೇ ಇವೆ. ಅಂದರೆ ಊರು ಮೊದಲು, ನಾಡು ಆಮೇಲೆ.

ಹೀಗೆ ನಿಧಾನಗತಿಯ 'ತಣ್ಣನೆಯ' ಕಪ್ಪುದ್ರವ್ಯ ಗೆದ್ದಿತು. ಅದರಲ್ಲಿ ಚಿಕ್ಕ ಗಂಟುಗಳು ಮೊದಲು ಕಟ್ಟಿಕೊಂಡು, ಒಂದರೊಳಗೊಂದು ಸೇರಿ ದೊಡ್ಡದಾಗುತ್ತವೆ.

ಎಷ್ಟು ತಣ್ಣಗೆ ಎಂಬ ಪ್ರಶ್ನೆ ಮಾತ್ರ ಉಳಿದಿದೆ. ಉಗುರುಬೆಚ್ಚಗಿನ ಕಣವಾದರೆ ದೊಡ್ಡ ರಚನೆಗಳು ಹಾಗೆಯೇ ಇದ್ದು, ಕುಬ್ಜ ಗೆಲಾಕ್ಸಿಗಳು ಕಡಿಮೆಯಾಗುತ್ತವೆ. ಕಣ ಅತಿ ಹಗುರವಾದರೆ ಅದರ ಅಲೆಯೇ ಸಾವಿರಾರು ಜ್ಯೋತಿರ್ವರ್ಷ ಹರಡಿ, ಅದಕ್ಕಿಂತ ಕಿರಿದಾದ ಜಾಗದಲ್ಲಿ ಒತ್ತೊತ್ತಾಗಿ ಕೂರಲಾರದು. ತಣ್ಣನೆಯದಾದರೆ ಒಂದೂ ನಕ್ಷತ್ರವಿಲ್ಲದ ಕತ್ತಲ ಗಂಟುಗಳು ನಮ್ಮ ಗೆಲಾಕ್ಸಿಯ ಸುತ್ತ ಲೆಕ್ಕವಿಲ್ಲದಷ್ಟು ಇರಬೇಕು. ಅವನ್ನು ಹುಡುಕುವವರು ಈಗ ಜಿಡಿ-1 ಎಂಬ ತೆಳುವಾದ ನಕ್ಷತ್ರಧಾರೆಯನ್ನು ದಿಟ್ಟಿಸುತ್ತಿದ್ದಾರೆ. ಆ ಧಾರೆಯ ನಡುವೆ ಒಂದು ಬಿರುಕಿದೆ, ಕಾಣದ್ದೇನೋ ಹಾದುಹೋದಂತೆ.