ಆಕಾಶದಿಂದ ಅಳೆದ ಕಾಡು: ಲೇಸರ್ ನಕ್ಷೆ ಹೇಳುವುದೇನು, ಹೇಳದಿರುವುದೇನು?

ಬೀದರ್: ಡ್ರೋನ್‌ಗೆ ಲೇಸರ್ ಸ್ಕ್ಯಾನರ್ ಅಳವಡಿಸಿ ಕಾಡಿನ ನಕ್ಷೆ ತಯಾರಿಸುವ 'ಲೈಡಾರ್' ತಂತ್ರಜ್ಞಾನ ಈಗ ಹಲವೆಡೆ ಬಳಕೆಯಲ್ಲಿದೆ. ಕಾಡನ್ನು ಆಶ್ರಯಿಸಿದ ಜನರ ಹಕ್ಕಿನ ಪ್ರಶ್ನೆಯೂ ಇದರೊಂದಿಗೆ ಬೆಸೆದುಕೊಂಡಿದೆ. ಬೀದರ್, ಭಾಲ್ಕಿ, ಔರಾದ್ ಭಾಗದ ಗೊಂಡ ಹಾಗೂ ಲಂಬಾಣಿ ಕುಟುಂಬಗಳಿಗೂ ಇದು ಪ್ರಸ್ತುತ.

ಕೆಲಸ ಮಾಡುವ ಬಗೆ

ಸ್ಕ್ಯಾನರ್ ಪ್ರತಿ ಸೆಕೆಂಡಿಗೆ ಲಕ್ಷಾಂತರ ಲೇಸರ್ ಮಿಡಿತಗಳನ್ನು ನೆಲದತ್ತ ಕಳುಹಿಸುತ್ತದೆ. ಮಿಡಿತವು ಹೋಗಿ ಮರಳಲು ಹಿಡಿದ ಸಮಯದಿಂದ ದೂರವನ್ನು ಲೆಕ್ಕ ಹಾಕಲಾಗುತ್ತದೆ. ಎಲೆಗೆ ತಾಗಿದ ಮಿಡಿತ ಬೇಗ ಮರಳಿದರೆ, ಎಲೆಗಳ ಸಂದಿಯಲ್ಲಿ ನುಸುಳಿ ನೆಲ ಮುಟ್ಟಿದ್ದು ತಡವಾಗಿ ಮರಳುತ್ತದೆ. ಇವೆರಡರ ಅಂತರದಿಂದ ಮರದ ಎತ್ತರ ತಿಳಿಯುತ್ತದೆ. ಮರಗಿಡಗಳ ಬಿಂದುಗಳನ್ನು ಕಂಪ್ಯೂಟರಿನಲ್ಲಿ ಬೇರ್ಪಡಿಸಿದರೆ ಬರಿನೆಲವೂ ಅದರ ಮೇಲಿನ ಒಡ್ಡು, ತಳಪಾಯ, ಕಾಲುದಾರಿಗಳೂ ಗೋಚರಿಸುತ್ತವೆ. ಮಧ್ಯ ಅಮೆರಿಕದ ಬೆಲೀಜ್ ದೇಶದ ಕರಕೋಲ್‌ನಲ್ಲಿ 2009ರಲ್ಲಿ ವಿಮಾನದಿಂದ ನಡೆಸಿದ ಇಂಥದ್ದೇ ಸರ್ವೆ, ದಟ್ಟ ಕಾಡಿನಡಿ ಅಡಗಿದ್ದ ಮಾಯಾ ಜನರ ಮೆಟ್ಟಿಲು ಹೊಲಗಳನ್ನು ತೋರಿಸಿತು.

ಬೀದರ್ ಜಿಲ್ಲೆಯದು ಎಲೆ ಉದುರಿಸುವ ಒಣ ಕಾಡು. ನೆಲವನ್ನು ನೋಡಬೇಕಾದರೆ ಬೇಸಿಗೆಯ ಹಾರಾಟ, ಹಸಿರನ್ನು ಅಳೆಯಬೇಕಾದರೆ ಮಳೆಗಾಲದ ನಂತರದ ಹಾರಾಟ ಸೂಕ್ತ. ಬೀದರ್ ನಗರದ ಬಳಿ ವಾಯುಪಡೆಯ ನೆಲೆ ಇರುವುದರಿಂದ, ಅದರ ಸುತ್ತ 2021ರ ಡ್ರೋನ್ ನಿಯಮಗಳ ಅನ್ವಯ ಪೂರ್ವಾನುಮತಿ ಇಲ್ಲದೆ ಹಾರಾಟ ಸಲ್ಲದು.

ಕಾನೂನು ಏನೆನ್ನುತ್ತದೆ?

2023ರ ಜನವರಿ 19ರಂದು ಮಳಖೇಡದಲ್ಲಿ ಬೀದರ್ ಸೇರಿದಂತೆ ಐದು ಜಿಲ್ಲೆಗಳ ಸುಮಾರು 50 ಸಾವಿರ ಕುಟುಂಬಗಳಿಗೆ, ಮುಖ್ಯವಾಗಿ ಲಂಬಾಣಿ ತಾಂಡಾಗಳಿಗೆ, ಹಕ್ಕುಪತ್ರ ವಿತರಿಸಲಾಯಿತು. ಅವು ವಾಸದ ಜಾಗಕ್ಕೆ ಸಂಬಂಧಿಸಿದವು. ಕಾಡಿನ ಹಕ್ಕಿಗೆ 2006ರ ಅರಣ್ಯ ಹಕ್ಕು ಕಾಯ್ದೆಯೇ ಆಧಾರ. ಅದರ ಪ್ರಕಾರ ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮುನ್ನಿನಿಂದ ಕಾಡನ್ನು ಅವಲಂಬಿಸಿರಬೇಕು. ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಗೆ ಸೇರಿದ ಲಂಬಾಣಿಗರಂಥ ಇತರರು ಆ ದಿನಾಂಕಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷಗಳ ವಾಸವನ್ನು ತೋರಿಸಬೇಕು.

ದಾಖಲೆ ಇಲ್ಲದವರಿಗೆ ಇದು ಕಷ್ಟದ ಷರತ್ತು. ಆದರೆ ಹಳೆಯ ಬಾವಿ, ಒಡ್ಡು, ಸ್ಮಶಾನ, ಪೂಜಾಸ್ಥಳ ಹಾಗೂ ಹಿರಿಯರ ಲಿಖಿತ ಹೇಳಿಕೆಗಳನ್ನೂ ನಿಯಮಗಳು ಸಾಕ್ಷ್ಯವೆಂದು ಒಪ್ಪುತ್ತವೆ. ಲೇಸರ್ ನಕ್ಷೆ ನೆರವಾಗುವುದು ಇಲ್ಲಿಯೇ. ಒಡ್ಡು ಎಲ್ಲಿದೆ ಎಂಬುದನ್ನು ಅದು ಖಚಿತವಾಗಿ ತೋರಿಸುತ್ತದೆ. ಕಟ್ಟಿದವರು ಯಾರು, ಯಾವ ಕಾಲದ್ದು ಎಂಬುದನ್ನು ಹೇಳಲಾರದು. ಉಪಗ್ರಹ ಚಿತ್ರ ಮುಂತಾದ ತಂತ್ರಜ್ಞಾನ ಇತರ ಸಾಕ್ಷ್ಯಕ್ಕೆ ಪೂರಕವೇ ಹೊರತು ಪರ್ಯಾಯವಲ್ಲ ಎಂದು 2012ರ ತಿದ್ದುಪಡಿ ನಿಯಮಗಳು ಸ್ಪಷ್ಟಪಡಿಸಿವೆ.

ಸೋಲಿಗರ ಮಾದರಿ

ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು ಏಟ್ರೀ ಸಂಸ್ಥೆಯ ಸಂಶೋಧಕರೊಂದಿಗೆ ಕಾಡು ಸುತ್ತಿ, ಜಿಪಿಎಸ್ ನೆರವಿನಿಂದ 400ಕ್ಕೂ ಹೆಚ್ಚು ಪವಿತ್ರ ತಾಣಗಳನ್ನು ಗುರುತಿಸಿದರು. ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂಬ ಅವರದೇ ವರ್ಗೀಕರಣ ನಕ್ಷೆಗೆ ಬಂತು. 2011ರ ಅಕ್ಟೋಬರ್‌ನಲ್ಲಿ ಅಲ್ಲಿನ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ದೊರೆಯಿತು. ಅಲ್ಲಿ ಡ್ರೋನ್ ಇರಲಿಲ್ಲ; ಹೆಸರು ಬಲ್ಲ ಹಿರಿಯರಿದ್ದರು.

ಬೀದರ್ ಜಿಲ್ಲೆಯಲ್ಲಿ ಲೇಸರ್ ಸರ್ವೆ ಕೈಗೊಳ್ಳುವುದಾದರೆ ಇದೇ ಕ್ರಮ ಅಗತ್ಯ. ನಕ್ಷೆಯ ಪ್ರತಿ ಮೊದಲು ಗ್ರಾಮಸಭೆಯ ಅರಣ್ಯ ಹಕ್ಕು ಸಮಿತಿಯ ಕೈಸೇರಬೇಕು. ಸ್ಥಳದಲ್ಲಿಯೇ ಹಿರಿಯರ ಹೇಳಿಕೆ ಬರೆದುಕೊಂಡು, ತಾಣಗಳ ಹೆಸರು ತುಂಬಿ, ಗ್ರಾಮಸಭೆಯ ನಿರ್ಣಯದೊಂದಿಗೆ ಉಪವಿಭಾಗ ಸಮಿತಿಗೆ ಕಳುಹಿಸಬೇಕು. ಆಗ ಆ ನಕ್ಷೆ ಅರಣ್ಯ ಇಲಾಖೆಯ ಕಡತಕ್ಕಷ್ಟೇ ಅಲ್ಲ, ಕಾಡಂಚಿನ ಕುಟುಂಬಗಳ ಅರ್ಜಿಗೂ ಬಲ ತುಂಬುತ್ತದೆ.